ಕೆಚಿಕನ್ನಿಗೆ ಹೊರಡುವ ಮುನ್ನ: ಒಂದು ಮಳೆಯೂರಿನ ನೆಲ, ನೀರು, ಗಾಳಿಯನ್ನು ಓದಿಕೊಳ್ಳುವ ಬಗೆ

ಅಲಾಸ್ಕಾ ಎಂದೊಡನೆ ಹಿಮದ ಚಿತ್ರವೇ ಕಣ್ಣ ಮುಂದೆ ಬರುವುದರಿಂದ, ಆ ರಾಜ್ಯದ ಆಗ್ನೇಯ ತುದಿಯಲ್ಲಿರುವ ಕೆಚಿಕನ್ ಎಂಬ ಸಣ್ಣ ಬಂದರಿಗೆ ಹೊರಟವರು ದಪ್ಪನೆಯ ಚಳಿ ಉಡುಪುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ, ಹಡಗಿನಿಂದ ಇಳಿದ ಸ್ವಲ್ಪ ಹೊತ್ತಿನಲ್ಲೇ ತೊಯ್ದು ತೊಪ್ಪೆಯಾಗುತ್ತಾರೆ. 2020ರ ಜನಗಣತಿಯ ಪ್ರಕಾರ 8,192 ಮಂದಿ ಇರುವ ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 3,600ರಿಂದ 3,900 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಪ್ರವಾಸಿಗರು ಹಡಗುಗಳಲ್ಲಿ ಬಂದು, ಕೆಲವೇ ಗಂಟೆಗಳ ಕಾಲ ಅಲ್ಲಿದ್ದು ಮುಂದಕ್ಕೆ ಹೋಗುತ್ತಾರೆ. ಸಿಯಾಟಲ್, ವ್ಯಾಂಕೂವರ್ ಕಡೆ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಈ ಹಡಗುಯಾನಕ್ಕೆ ಕರೆದುಕೊಂಡು ಹೋಗುವುದುಂಟು. ನಮ್ಮ ಕರಾವಳಿಯ ಯುವಕರು ಪ್ರವಾಸಿ ಹಡಗುಗಳಲ್ಲಿ ಕೆಲಸಕ್ಕೆ ಸೇರಿ ಇಂಥ ಬಂದರುಗಳಿಗೆ ಬರುವುದೂ ಉಂಟು. ಈ ಬರಹ ಮುಖ್ಯವಾಗಿ ಅವರಿಗಾಗಿ, ಮತ್ತು ಒಂದು ಋತುವಿನ ಮಟ್ಟಿಗಾದರೂ ಅಲ್ಲಿ ಉಳಿಯಲು ಯೋಚಿಸುತ್ತಿರುವವರಿಗಾಗಿ.

ಮಳೆ ಹೆಚ್ಚಿರುವ ಊರಿಗೆ ಹೋಗುವಾಗ ಎಲ್ಲರೂ ಮೊದಲು ಮಳೆಯ ಮುನ್ಸೂಚನೆಯನ್ನೇ ನೋಡುತ್ತಾರೆ. ಕೆಚಿಕನ್ನಿನ ವಿಷಯದಲ್ಲಿ ಅದನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕೆಂಬುದು ನನ್ನ ಸಲಹೆ. ವರ್ಷದ ಮೂರನೇ ಎರಡು ಪಾಲು ದಿನಗಳಲ್ಲಿ ಹನಿಯಾದರೂ ಬೀಳುವ ಊರಿನಲ್ಲಿ "ನಾಳೆ ಮಳೆ ಬರುತ್ತದೆಯೇ" ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಯಾವ ತೀರ್ಮಾನವನ್ನೂ ಮಾಡಲು ಬರುವುದಿಲ್ಲ. ಮೊದಲು ನಕಾಶೆಯನ್ನು ನೋಡಿ, ಬಳಿಕ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ಆಮೇಲೆ ಗಾಳಿಯ ದಿಕ್ಕನ್ನು ವಿಚಾರಿಸಿ. ಈ ಮೂರೂ ಮನಸ್ಸಿನಲ್ಲಿ ಕೂತರೆ ಮಳೆಯ ಲೆಕ್ಕ ತಾನಾಗಿಯೇ ಅರ್ಥವಾಗುತ್ತದೆ.

ನಕಾಶೆಯನ್ನು ಓದುವುದು

ಅಲಾಸ್ಕಾದ ಆಗ್ನೇಯ ಭಾಗವು ಕೆನಡಾದ ಗಡಿಗೂ ಪೆಸಿಫಿಕ್ ಸಾಗರಕ್ಕೂ ನಡುವೆ ಕೆಳಕ್ಕೆ ಇಳಿಬಿದ್ದ ಪಟ್ಟಿಯಂತಿದೆ. ಅದರ ಬಹುಪಾಲು ಅಲೆಕ್ಸಾಂಡರ್ ದ್ವೀಪಸಮೂಹವೆಂದು ಕರೆಯುವ ಸಾವಿರಕ್ಕೂ ಹೆಚ್ಚು ದ್ವೀಪಗಳಿಂದಾದದ್ದು. ಕೆಚಿಕನ್ ಇರುವುದು ಅವುಗಳಲ್ಲೊಂದಾದ ರೆವಿಯಾಹಿಹೆದೋ ದ್ವೀಪದ ನೈಋತ್ಯ ಅಂಚಿನಲ್ಲಿ. ನ್ಯೂ ಸ್ಪೇನಿನ ವೈಸ್‌ರಾಯ್ ಒಬ್ಬನಿಂದ ಬಂದ ಈ ಉದ್ದನೆಯ ಹೆಸರನ್ನು ಊರಿನವರು ರೆವಿಲ್ಲಾ ಎಂದು ಮೊಟಕುಗೊಳಿಸಿದ್ದಾರೆ. ಊರಿನ ಎದುರಿಗೆ ಟಾಂಗಸ್ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಸಂಧಿ, ಅದರಾಚೆ ಗ್ರವಿನಾ ದ್ವೀಪ, ಅದಕ್ಕೂ ಆಚೆ ಕ್ಲಾರೆನ್ಸ್ ಜಲಸಂಧಿ. ಊರಿನ ಬೆನ್ನಿಗೆ ಸುಮಾರು 915 ಮೀಟರ್ ಎತ್ತರದ ಡಿಯರ್ ಮೌಂಟನ್ ಬೆಟ್ಟ ನೇರವಾಗಿ ಎದ್ದು ನಿಂತಿದೆ. ಹೀಗೆ ಮುಂದೆ ನೀರು, ಹಿಂದೆ ಬೆಟ್ಟವಿರುವುದರಿಂದ ಊರು ಕಡಲಂಚಿನ ಗುಂಟ ಉದ್ದಕ್ಕೆ ಹಬ್ಬಿದೆಯೇ ಹೊರತು ಒಳಕ್ಕೆ ಬೆಳೆದಿಲ್ಲ. ಅನೇಕ ಕಟ್ಟಡಗಳು ನೀರಿನ ಮೇಲೆ ಕಂಬಗಳನ್ನು ಊರಿ ನಿಂತಿವೆ. ಗುಡ್ಡದ ಕಡೆಯ ಕೆಲವು ಬೀದಿಗಳು ಬೀದಿಗಳೇ ಅಲ್ಲ, ಹೆಸರಿನ ಫಲಕ ಹೊತ್ತ ಮರದ ಮೆಟ್ಟಿಲುಗಳ ಸಾಲುಗಳು. ಪೇಟೆಯ ನಡುವೆ ಅಡ್ಡ ಬಂದ ಬಂಡೆಯನ್ನು ಕೊರೆದು 1954ರಲ್ಲಿ ಒಂದು ಸಣ್ಣ ಸುರಂಗವನ್ನೂ ಮಾಡಲಾಗಿದೆ.

ಇಲ್ಲಿಗೆ ಹೊರಗಿನಿಂದ ರಸ್ತೆಯಿಲ್ಲ. ಊರಿನ ಮುಖ್ಯ ರಸ್ತೆಯಾದ ಟಾಂಗಸ್ ಹೆದ್ದಾರಿ ಉತ್ತರಕ್ಕೂ ದಕ್ಷಿಣಕ್ಕೂ ಸೇರಿ ಸುಮಾರು 50 ಕಿಲೋಮೀಟರ್ ಓಡಿ, ಎರಡೂ ತುದಿಯಲ್ಲಿ ಕಾಡಿನೊಳಗೆ ಮುಗಿದುಹೋಗುತ್ತದೆ. ಸಿಯಾಟಲ್‌ನಿಂದ ವಿಮಾನದಲ್ಲಿ ಎರಡು ಗಂಟೆಯ ಹಾದಿ. ಆದರೆ ಸಪಾಟಾದ ನೆಲ ಊರಿನ ಬದಿಯಲ್ಲಿ ಸಿಗದ ಕಾರಣ 1973ರಲ್ಲಿ ತೆರೆದ ವಿಮಾನ ನಿಲ್ದಾಣವು ಎದುರಿನ ಗ್ರವಿನಾ ದ್ವೀಪದಲ್ಲಿದೆ, ಆದ್ದರಿಂದ ವಿಮಾನದಿಂದ ಇಳಿದವರು ಲಗೇಜಿನೊಂದಿಗೆ ಫೆರಿ ಹತ್ತಿ ಜಲಸಂಧಿಯನ್ನು ದಾಟಬೇಕು. ಇದೇ ಜಾಗದಲ್ಲಿ ಕಟ್ಟಬೇಕೆಂದಿದ್ದ ಸೇತುವೆಯು "ಎಲ್ಲಿಗೂ ಹೋಗದ ಸೇತುವೆ" ಎಂದು ಅಮೆರಿಕದಾದ್ಯಂತ ಗೇಲಿಗೆ ಗುರಿಯಾಗಿ 2007ರಲ್ಲಿ ಕೈಬಿಟ್ಟುಹೋಯಿತು. ದಾಟುವುದಕ್ಕೆ ಕೆಲವೇ ನಿಮಿಷ ಸಾಕಾದರೂ ಫೆರಿಗೆ ಕಾಯುವ ಹೊತ್ತು, ಟಿಕೆಟಿನ ಸಾಲು, ಮಳೆಯಲ್ಲಿ ಇಳಿಜಾರಿನ ಮೇಲೆ ಪೆಟ್ಟಿಗೆ ಎಳೆಯುವ ಕಷ್ಟ, ಇವೆಲ್ಲವನ್ನೂ ಸೇರಿಸಿ ವಿಮಾನದ ಸಮಯಕ್ಕಿಂತ ಎರಡೂವರೆ ಗಂಟೆ ಮುಂಚಿತವಾಗಿ ಹೋಟೆಲನ್ನು ಬಿಡುವುದು ಒಳ್ಳೆಯದು.

ನಕಾಶೆಯಲ್ಲಿ ಅಕ್ಷಾಂಶವನ್ನೂ ಗಮನಿಸಿ. ಕೆಚಿಕನ್ 55.3 ಡಿಗ್ರಿ ಉತ್ತರದಲ್ಲಿದೆ. ಹೆಚ್ಚು ಕಡಿಮೆ ಮಾಸ್ಕೋ ಕೂಡ ಅಷ್ಟೇ ಉತ್ತರದಲ್ಲಿದೆ. ಮಾಸ್ಕೋದಲ್ಲಿ ಜನವರಿಯೆಂದರೆ ಸೊನ್ನೆಗಿಂತ ಬಹಳ ಕೆಳಗಿನ ಚಳಿ, ಆದರೆ ಕೆಚಿಕನ್ನಿನಲ್ಲಿ ಅದೇ ತಿಂಗಳ ಸರಾಸರಿ ಉಷ್ಣತೆ ಸೊನ್ನೆಯಿಂದ ಒಂದೆರಡು ಡಿಗ್ರಿ ಮೇಲೆಯೇ ಇರುತ್ತದೆ. ಕಾರಣ, ಪೆಸಿಫಿಕ್ ಸಾಗರದ ನೀರು ಚಳಿಗಾಲದಲ್ಲೂ ಗಾಳಿಯನ್ನು ಅಷ್ಟಿಷ್ಟು ಬೆಚ್ಚಗಿಡುತ್ತದೆ, ಬೇಸಿಗೆಯಲ್ಲಿ ಅದೇ ನೀರು ಸೆಕೆಯೇರದಂತೆ ತಡೆಯುತ್ತದೆ. ಜುಲೈ ತಿಂಗಳ ಹಗಲಿನಲ್ಲಿ ಉಷ್ಣತೆ ಸಾಮಾನ್ಯವಾಗಿ 18 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ 11ಕ್ಕೆ ಇಳಿಯುತ್ತದೆ. ಅಕ್ಷಾಂಶದ ಪರಿಣಾಮ ಚಳಿಯಲ್ಲಿ ಕಾಣದಿದ್ದರೂ ಬೆಳಕಿನಲ್ಲಿ ಕಾಣುತ್ತದೆ: ಜೂನ್ ಕೊನೆಯಲ್ಲಿ ಹಗಲು ಸುಮಾರು ಹದಿನೇಳೂವರೆ ಗಂಟೆ, ಡಿಸೆಂಬರ್ ಕೊನೆಯಲ್ಲಿ ಏಳು ಗಂಟೆ ಮಾತ್ರ.

ಉಬ್ಬರವಿಳಿತದ ಪಟ್ಟಿ

ಮಂಗಳೂರು, ಕಾರವಾರಗಳ ಕಡಲನ್ನು ನೋಡಿ ಬೆಳೆದವರಿಗೆ ಉಬ್ಬರವೆಂದರೆ ಒಂದೂವರೆ ಎರಡು ಮೀಟರಿನ ಏರಿಳಿತ. ಕೆಚಿಕನ್ನಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇದು ಕೆಲವೊಮ್ಮೆ ಆರು ಮೀಟರನ್ನು ಮೀರುವುದುಂಟು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲ, ಎರಡು ಇಳಿತಗಳೂ ಒಂದೇ ಆಳದವಲ್ಲ. ಪ್ರತಿದಿನವೂ ಈ ಚಕ್ರ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ.

ಪಟ್ಟಿಯನ್ನು ಓದುವುದು ಕಷ್ಟವಲ್ಲ. ಅಮೆರಿಕದ ಪಟ್ಟಿಗಳಲ್ಲಿ ಎತ್ತರವನ್ನು ಅಡಿಗಳಲ್ಲಿ ಕೊಟ್ಟಿರುತ್ತಾರೆ, ಮತ್ತು ದಿನದ ಎರಡು ಇಳಿತಗಳಲ್ಲಿ ಹೆಚ್ಚು ಕೆಳಗಿನದ್ದರ ಸರಾಸರಿ ಮಟ್ಟವನ್ನು ಸೊನ್ನೆ ಎಂದು ಹಿಡಿದಿರುತ್ತಾರೆ. ಹಾಗಾಗಿ ಕೆಲವು ದಿನ ಸಂಖ್ಯೆಯ ಮುಂದೆ ಋಣಚಿಹ್ನೆ ಕಂಡರೆ ಗಾಬರಿಯಾಗಬೇಕಿಲ್ಲ, ಅಂದು ಕಡಲು ವಾಡಿಕೆಗಿಂತ ಹೆಚ್ಚು ಹಿಂದೆ ಸರಿಯುತ್ತದೆ ಎಂದಷ್ಟೇ ಅರ್ಥ. ಉದಾಹರಣೆಗೆ, ಬೆಳಗ್ಗೆ 7 ಗಂಟೆಗೆ ಮೈನಸ್ 2 ಅಡಿ, ಮಧ್ಯಾಹ್ನ 1:15ಕ್ಕೆ 16 ಅಡಿ ಎಂದು ಪಟ್ಟಿಯಲ್ಲಿದ್ದರೆ, ಆರು ಗಂಟೆಯ ಅವಧಿಯಲ್ಲಿ ನೀರು 18 ಅಡಿ ಏರುತ್ತದೆ. ಈ ಏರಿಕೆ ಎಲ್ಲ ಗಂಟೆಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು ಪಾಲು, ಆಮೇಲೆ ಮತ್ತೆ ಎರಡು, ಒಂದು ಎಂದು ದೋಣಿಯವರು ಅಂದಾಜು ಹಾಕುತ್ತಾರೆ. ಅಂದರೆ ನಮ್ಮ ಉದಾಹರಣೆಯಲ್ಲಿ ನಡುವಿನ ಎರಡೇ ಗಂಟೆಗಳಲ್ಲಿ ಒಂಬತ್ತು ಅಡಿ ನೀರು ಏರಿಬಿಡುತ್ತದೆ. ಕಡಲಂಚಿನ ಬಂಡೆಗಳ ಮೇಲೆ ನಕ್ಷತ್ರಮೀನು, ಕಡಲ ಹೂವುಗಳನ್ನು ನೋಡಲು ಮಕ್ಕಳನ್ನು ಇಳಿಸುವವರು ಇಳಿತದ ಸಮಯಕ್ಕಿಂತ ಒಂದು ಗಂಟೆ ಮೊದಲು ಹೋಗಿ, ನೀರು ತಿರುಗಿದ ಕೂಡಲೇ ಮೇಲೆ ಬರಬೇಕು. ಅಲ್ಲಿ ಸಿಗುವ ಮಳಿ, ಮರುವಾಯಿಯಂಥ ಚಿಪ್ಪುಗಳನ್ನು ಕಂಡು ಕರಾವಳಿಯವರಿಗೆ ಕೈ ತುರಿಸಬಹುದು. ದಯವಿಟ್ಟು ಆರಿಸಿ ತಂದು ಬೇಯಿಸಬೇಡಿ. ಅಲಾಸ್ಕಾದ ಕಡಲಂಚಿನ ಚಿಪ್ಪುಮೀನುಗಳಲ್ಲಿ ನರಗಳನ್ನು ಮರಗಟ್ಟಿಸುವ ವಿಷ ಸೇರಿರುವ ಸಾಧ್ಯತೆಯಿದೆ, ಬೇಯಿಸಿದರೂ ಅದು ಹೋಗುವುದಿಲ್ಲ.

ಉಬ್ಬರವಿಳಿತ ಊರಿನ ನಡಿಗೆಯನ್ನೂ ನಿರ್ಧರಿಸುತ್ತದೆ. ದೋಣಿಗಳು ನಿಲ್ಲುವ ತೇಲುಕಟ್ಟೆಗಳು ನೀರಿನೊಂದಿಗೆ ಏರಿ ಇಳಿಯುವುದರಿಂದ, ದಡದಿಂದ ಅವುಗಳಿಗೆ ಇಳಿಯುವ ಸೇತುವೆಯು ಉಬ್ಬರದಲ್ಲಿ ಹೆಚ್ಚು ಕಡಿಮೆ ಮಟ್ಟಸವಾಗಿದ್ದು, ದೊಡ್ಡ ಇಳಿತದಲ್ಲಿ ಕಡಿದಾದ ಏಣಿಯಂತಾಗುತ್ತದೆ. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ದೋಣಿವಿಹಾರಕ್ಕೆ ಸಮಯ ಗೊತ್ತುಮಾಡುವಾಗ ಪಟ್ಟಿಯನ್ನು ನೋಡಿ, ಹತ್ತುವ ಅಥವಾ ಇಳಿಯುವ ಹೊತ್ತು ಉಬ್ಬರಕ್ಕೆ ಹತ್ತಿರವಿರುವಂತೆ ಆರಿಸಿಕೊಳ್ಳಿ. ಕೆಚಿಕನ್ ಕ್ರೀಕ್ ಎಂಬ ಹೊಳೆಯ ಮೇಲೆ ಕಂಬಗಳನ್ನೂರಿ ಕಟ್ಟಿದ ಕ್ರೀಕ್ ಸ್ಟ್ರೀಟಿನಲ್ಲಿ ಹಲಗೆ ಹಾದಿಯ ಅಂಚಿಗೆ ನಿಂತು ಕೆಳಗೆ ನೋಡಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ: ಕಂಬಗಳ ಮೇಲ್ಭಾಗ ಒಣಗಿದ ಬೂದುಬಣ್ಣದ ಮರ, ಅದರ ಕೆಳಗೆ ಕಪ್ಪಗೆ ಒದ್ದೆಯಾದ ಪಟ್ಟಿ, ಇನ್ನೂ ಕೆಳಗೆ ಬಿಳಿಯ ಬಾರ್ನಕಲ್ ಚಿಪ್ಪುಗಳ ಒರಟು ಹೊದಿಕೆ, ತೀರಾ ಬುಡದಲ್ಲಿ ಹಸಿರು ಪಾಚಿ. ಉಬ್ಬರದಲ್ಲಿ ಈ ಪಟ್ಟಿಗಳೆಲ್ಲ ಮುಳುಗಿ ಹಲಗೆಗಳ ಅಡಿಯಲ್ಲೇ ನೀರು ಓಡಾಡುತ್ತದೆ; ಇಳಿತದಲ್ಲಿ ಅದೇ ಜಾಗ ಕಲ್ಲುಗುಂಡುಗಳ ಹೊಳೆಪಾತ್ರ. ಜುಲೈ ಕೊನೆಯಿಂದ ಆಗಸ್ಟ್ ತಿಂಗಳುದ್ದಕ್ಕೂ ಗುಲಾಬಿ ಸಾಲ್ಮನ್ ಮೀನುಗಳು ಈ ಹೊಳೆಯನ್ನು ಹತ್ತುವಾಗ ಇಳಿತದಲ್ಲಿ ಮಡುಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ.

ಗಾಳಿಯ ದಿಕ್ಕು, ಬೆಟ್ಟದ ತಲೆ

ಡಿಯರ್ ಮೌಂಟನ್ ಕಾಣದಿದ್ದರೆ ಮಳೆ ಬರುತ್ತಿದೆ, ಕಂಡರೆ ಮಳೆ ಬರಲಿದೆ ಎಂದು ಊರಿನವರು ತಮಾಷೆ ಮಾಡುತ್ತಾರೆ. ತಮಾಷೆಯ ಹಿಂದೆ ಒಂದು ನಿಜವಾದ ಕ್ರಮವಿದೆ. ಅಲಾಸ್ಕಾದ ಪಶ್ಚಿಮಕ್ಕೆ ಸಾಲಾಗಿ ಚಾಚಿದ ಅಲ್ಯೂಷಿಯನ್ ದ್ವೀಪಗಳ ಕಡೆ ನೆಲೆಯೂರುವ ಕಡಿಮೆ ಒತ್ತಡದ ಪ್ರದೇಶವು ಶರತ್ಕಾಲ ಮತ್ತು ಚಳಿಗಾಲದಲ್ಲಿ ಒಂದರ ಹಿಂದೊಂದು ಬಿರುಗಾಳಿಗಳನ್ನು ಈ ಕರಾವಳಿಗೆ ಅಟ್ಟುತ್ತದೆ. ತೇವ ತುಂಬಿದ ಗಾಳಿ ದಕ್ಷಿಣದಿಂದಲೋ ಆಗ್ನೇಯದಿಂದಲೋ ಬಂದು, ಬೆಟ್ಟಕ್ಕೆ ತಾಗಿ ಮೇಲೇರಿ, ತಣಿದು ಮಳೆಯಾಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ನಡೆಯುವುದೂ ಇದೇ. ಅಲ್ಲಿ ಗಾಳಿಯನ್ನು ತರುವುದು ಮುಂಗಾರು, ಇಲ್ಲಿ ತರುವುದು ಈ ಬಿರುಗಾಳಿಗಳ ಸಾಲು. ಆದ್ದರಿಂದ ಆಗ್ನೇಯದ ಗಾಳಿ ಎದ್ದರೆ ಕೆಟ್ಟ ಹವೆ ಎಂದೂ, ವಾಯುವ್ಯಕ್ಕೆ ತಿರುಗಿದರೆ ಹವೆ ತಿಳಿಯಾಗಲಿದೆ ಎಂದೂ ಸ್ಥೂಲವಾಗಿ ತಿಳಿಯಬಹುದು. ಚಳಿಗಾಲದಲ್ಲಿ ಕೆನಡಾದ ಒಳನಾಡಿನಿಂದ ಕಣಿವೆಗಳ ಮೂಲಕ ಒಣ ಗಾಳಿ ಕೆಳಗಿಳಿದು ಬಂದಾಗ ಮಾತ್ರ ಆಕಾಶ ಶುಭ್ರವಾಗಿ, ಚಳಿ ನಿಜವಾಗಿ ಕೊರೆಯುತ್ತದೆ.

ಬಿರುಗಾಳಿಯೊಂದು ಬರುವ ಕ್ರಮವನ್ನು ದಡದಲ್ಲಿ ನಿಂತೇ ಗುರುತಿಸಬಹುದು. ಮೊದಲು ಬಹಳ ಎತ್ತರದಲ್ಲಿ ತೆಳುವಾದ, ಗೆರೆಗೆರೆಯ ಮೋಡ. ಸೂರ್ಯನ ಸುತ್ತ ಬಳೆಯಂಥ ವರ್ತುಲ ಕಾಣಬಹುದು. ಆಮೇಲೆ ಮೋಡ ದಪ್ಪಗಾಗುತ್ತಾ ಕೆಳಗಿಳಿದು, ಡಿಯರ್ ಮೌಂಟನ್ನಿನ ನೆತ್ತಿಯನ್ನು ಮುಚ್ಚುತ್ತದೆ. ಜಲಸಂಧಿಯ ನೀರಿನ ಮೇಲೆ ದಕ್ಷಿಣದ ಕಡೆಯಿಂದ ಅಲೆಗಳ ತಲೆ ಬೆಳ್ಳಗಾಗತೊಡಗುತ್ತದೆ. ಇದಾದ ಬಳಿಕ ಶುರುವಾಗುವುದು ಬಿಡದೆ ಹಿಡಿದು ಸುರಿಯುವ ಜಡಿಮಳೆ. ಇದರಲ್ಲಿ ಬಿಡುವಿಗಾಗಿ ಕಾಯುವುದು ವ್ಯರ್ಥ. ಬಿರುಗಾಳಿಯ ಮುಂಚೂಣಿ ದಾಟಿ ಗಾಳಿ ನೈಋತ್ಯಕ್ಕೋ ಪಶ್ಚಿಮಕ್ಕೋ ತಿರುಗಿದ ಮೇಲೆ ಬರುವ ಮಳೆಯ ಸ್ವಭಾವ ಬೇರೆ: ಹತ್ತು ಹದಿನೈದು ನಿಮಿಷ ಸುರಿದು, ಬಿಸಿಲು ಹಣಕಿ, ಮತ್ತೆ ಸುರಿಯುತ್ತದೆ. ಈ ಎರಡನೆಯ ಬಗೆಯಲ್ಲಿ ಅಂಗಡಿಯ ಮಾಡಿನ ಕೆಳಗೆ ಸ್ವಲ್ಪ ನಿಂತರೆ ಕೆಲಸವಾಗುತ್ತದೆ.

ಸಣ್ಣ ವಿಮಾನದಲ್ಲಿ ಮಿಸ್ಟಿ ಫಿಯೋರ್ಡ್ಸ್ ನೋಡಲು ಹಣ ಕಟ್ಟುವವರು ಮಳೆಗಿಂತ ಮೋಡದ ಎತ್ತರವನ್ನು ವಿಚಾರಿಸಬೇಕು. ಹಿಮನದಿಗಳು ಕೊರೆದು ಮಾಡಿದ, ಕಡಲಿನಿಂದ ನೇರವಾಗಿ ಮೇಲೇಳುವ ಬಂಡೆಗೋಡೆಗಳ ಆ ಪ್ರದೇಶವನ್ನು 1978ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ನೀರಿನ ಮೇಲೆ ಇಳಿಯುವ ಆ ವಿಮಾನಗಳ ಪೈಲಟ್‌ಗಳು ಕಣ್ಣಿಗೆ ಕಾಣುವ ದಾರಿಯನ್ನು ನಂಬಿ ಹಾರುತ್ತಾರೆ; ತುಂತುರು ಮಳೆಯಿದ್ದರೂ ಮೋಡ ಮೇಲಿದ್ದರೆ ಹಾರಾಟ ನಡೆಯುತ್ತದೆ, ಹನಿಯೇ ಇಲ್ಲದಿದ್ದರೂ ಮೋಡ ಬೆಟ್ಟದ ಸೊಂಟಕ್ಕಿಳಿದರೆ ನಿಲ್ಲುತ್ತದೆ. ರದ್ದಾದಾಗ ಪೈಲಟ್ ಜೊತೆ ವಾದಕ್ಕೆ ನಿಲ್ಲಬೇಡಿ, ಹಣ ವಾಪಸು ಕೊಡುವ ನಿಯಮವನ್ನು ಟಿಕೆಟ್ ಮಾಡಿಸುವಾಗಲೇ ಓದಿಕೊಳ್ಳಿ.

ಕೊನೆಗೆ, ಮಳೆಯ ಲೆಕ್ಕ

ಕೆಚಿಕನ್ನಿನ ವಾರ್ಷಿಕ ಮಳೆ ಹೆಚ್ಚು ಕಡಿಮೆ ಮಂಗಳೂರಿನಷ್ಟೇ ಇದೆ. ಆದರೆ ಮಂಗಳೂರಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಹನಿ ಬೀಳುವುದೇ ಅಪರೂಪ. ಕೆಚಿಕನ್ನಿನಲ್ಲಿ ಮಳೆಗಾಲವೆಂಬ ಪ್ರತ್ಯೇಕ ಕಾಲವೇ ಇಲ್ಲ. ಅತ್ಯಂತ ಒಣ ತಿಂಗಳುಗಳೆನಿಸಿದ ಜೂನ್, ಜುಲೈಗಳಲ್ಲೂ ತಲಾ 180ರಿಂದ 200 ಮಿಲಿಮೀಟರಿನಷ್ಟು ಬೀಳುತ್ತದೆ; ಅತ್ಯಂತ ಮಳೆಯ ತಿಂಗಳಾದ ಅಕ್ಟೋಬರಿನಲ್ಲಿ ಅದು 500 ಮಿಲಿಮೀಟರಿನ ಆಸುಪಾಸಿಗೆ ಏರುತ್ತದೆ. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಸಾವಿರ ಮಿಲಿಮೀಟರ್ ದಾಟುವುದನ್ನು ನೆನೆದರೆ, ಅಲ್ಲಿನ ಮಳೆಯ ಬಿರುಸು ಕಡಿಮೆ, ಹಟ ಹೆಚ್ಚು ಎನ್ನಬಹುದು. ಗುಡುಗು ಸಿಡಿಲಂತೂ ಅಪರೂಪ. ಸೋನೆಯಾಗಿ ಶುರುವಾಗಿ ಸೋನೆಯಾಗಿಯೇ ಎರಡು ದಿನ ಮುಂದುವರಿಯುವ ಮಳೆ ಅದು.

ಹಡಗುಕಟ್ಟೆಯ ಬಳಿ ಲಿಕ್ವಿಡ್ ಸನ್‌ಶೈನ್ ಗೇಜ್ ಎಂಬ ಎತ್ತರದ ಮಳೆಮಾಪಕದ ಫಲಕವಿದ್ದು, ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 1949ರಲ್ಲಿ ಸುರಿದ 202.55 ಇಂಚಿನ ದಾಖಲೆಯನ್ನು ಅದರಲ್ಲಿ ಗುರುತಿಸಲಾಗಿದೆ. ನಮ್ಮ ಲೆಕ್ಕದಲ್ಲಿ ಅದು 5,100 ಮಿಲಿಮೀಟರಿಗೂ ಹೆಚ್ಚು. ಇಂಚನ್ನು 25ರಿಂದ ಗುಣಿಸಿದರೆ ಸರಿಸುಮಾರಾಗಿ ಮಿಲಿಮೀಟರು ಸಿಗುತ್ತದೆಂದು ನೆನಪಿಟ್ಟುಕೊಂಡರೆ ಸಾಕು. ಉಷ್ಣತೆಯನ್ನೂ ಅವರು ಫ್ಯಾರನ್‌ಹೀಟಿನಲ್ಲೇ ಹೇಳುವುದರಿಂದ 50 ಎಂದರೆ ನಮ್ಮ 10 ಡಿಗ್ರಿ, 60 ಎಂದರೆ ಸುಮಾರು 15 ಡಿಗ್ರಿ ಎಂಬ ಎರಡು ಗುರುತುಗಳನ್ನು ಇಟ್ಟುಕೊಳ್ಳಿ.

ಒಂದು ಊರಿನ ಅಂಕಿಯನ್ನು ಪಕ್ಕದ ಊರಿಗೆ ಹಚ್ಚುವುದು ಈ ಕರಾವಳಿಯಲ್ಲಿ ದೊಡ್ಡ ತಪ್ಪು. ಕೆಚಿಕನ್ನಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಹೆಚ್ಚು ತಗ್ಗಾದ ನೆಲವಿರುವ ಅನೆಟ್ ದ್ವೀಪದಲ್ಲಿ ಕೆಚಿಕನ್ನಿನ ಮೂರನೇ ಎರಡು ಪಾಲಿನಷ್ಟು ಮಳೆ ಮಾತ್ರ ಬೀಳುತ್ತದೆ. ಇನ್ನಷ್ಟು ಉತ್ತರದ ಜೂನೋ ವಿಮಾನ ನಿಲ್ದಾಣದಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ಅದೇ ಹಡಗು ಮುಂದೆ ಹೋಗಿ ಮುಟ್ಟುವ ಸ್ಕ್ಯಾಗ್‌ವೇ ಊರು ಬೆಟ್ಟಗಳ ಮರೆಯಲ್ಲಿ, ಉದ್ದನೆಯ ಕಡಲತೋಳಿನ ಒಳತುದಿಯಲ್ಲಿ ಇರುವುದರಿಂದ ಅಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮುಟ್ಟುವುದೂ ಕಷ್ಟ. ಹಡಗಿನಲ್ಲಿ ಸಾಮಾನು ಸರಂಜಾಮು ಸಿದ್ಧಪಡಿಸುವಾಗ ಇದನ್ನು ನೆನಪಿಟ್ಟುಕೊಂಡು, ಮಳೆಯ ಉಡುಪನ್ನು ಕೆಚಿಕನ್ನಿನ ದಿನಕ್ಕೆ ಮೇಲ್ಗಡೆಯೇ ಇಟ್ಟುಕೊಳ್ಳಿ.

ಮುನ್ಸೂಚನೆಯನ್ನು ಓದುವಾಗ ಮೋಡದ ಚಿತ್ರವನ್ನು ಬಿಟ್ಟುಬಿಡಿ. ಆ ಚಿತ್ರ ವರ್ಷವಿಡೀ ಅದೇ ಇರುತ್ತದೆ. ರಾಷ್ಟ್ರೀಯ ಹವಾಮಾನ ಸೇವೆಯ ಜೂನೋ ಕಚೇರಿ ಈ ಇಡೀ ಭಾಗಕ್ಕೆ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ರೇನ್ ಎಂದಿದ್ದರೆ ಬಿಡದೆ ಸುರಿಯುವ ಮಳೆ, ಶವರ್ಸ್ ಎಂದಿದ್ದರೆ ಬಿಟ್ಟು ಬಿಟ್ಟು ಬರುವ ಮಳೆ ಎಂಬ ವ್ಯತ್ಯಾಸವನ್ನು ಗಮನಿಸಿ, ಬಳಿಕ ಎಷ್ಟು ಗಂಟೆಗಳಲ್ಲಿ ಎಷ್ಟು ಇಂಚು ಎಂಬುದನ್ನು ನೋಡಿ. ದೋಣಿಯಲ್ಲಿ ಹೊರಡುವವರು ಕ್ಲಾರೆನ್ಸ್ ಜಲಸಂಧಿಗೆಂದು ಪ್ರತ್ಯೇಕವಾಗಿ ಕೊಡುವ ಕಡಲ ಮುನ್ಸೂಚನೆಯಲ್ಲಿ ಗಾಳಿಯ ವೇಗವನ್ನೂ ಅಲೆಯ ಎತ್ತರವನ್ನೂ ನೋಡಲೇಬೇಕು.

ಮೈಗೆ ಏನು, ಕಾಲಿಗೆ ಏನು

ಹತ್ತು ಹನ್ನೆರಡು ಡಿಗ್ರಿಯ ಹವೆ ಒಣಗಿದ ಮೈಗೆ ಹಿತವಾಗಿರುತ್ತದೆ, ಒದ್ದೆ ಮೈಗೆ ಅಪಾಯಕಾರಿ. ನಾವು ಮನೆಯಲ್ಲಿ ಪ್ರೀತಿಯಿಂದ ತೊಡುವ ಹತ್ತಿಯ ಬಟ್ಟೆ ಇಲ್ಲಿ ನಮ್ಮ ಶತ್ರು, ಏಕೆಂದರೆ ಒಮ್ಮೆ ತೊಯ್ದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಮೈಯ ಶಾಖವನ್ನೆಲ್ಲ ಹೀರುತ್ತದೆ. ಜೀನ್ಸ್ ಕೂಡ ಹತ್ತಿಯೇ ಎಂಬುದನ್ನು ಮರೆಯಬಾರದು. ಒಳಗೆ ತೆಳುವಾದ ಉಣ್ಣೆಯ ಅಥವಾ ಪಾಲಿಯೆಸ್ಟರ್ ಬನಿಯನ್, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ಟೋಪಿಯಿರುವ, ನೀರಿಳಿಯದ ಜರ್ಕಿನ್, ಸಾಧ್ಯವಾದರೆ ಮಳೆ ಪ್ಯಾಂಟು, ಇಷ್ಟಿದ್ದರೆ ಬೇಸಿಗೆಗೆ ಸಾಕು. ಸೀರೆಯನ್ನೇ ಉಡುವ ಅಮ್ಮಂದಿರಿಗೆ ಆ ಒಂದು ದಿನದ ಮಟ್ಟಿಗೆ ಸಿಂಥೆಟಿಕ್ ಚೂಡಿದಾರಿಗೋ ಪ್ಯಾಂಟಿಗೋ ಒಪ್ಪಿಸಿದರೆ ಒಳ್ಳೆಯದು. ಹಲಗೆ ಹಾದಿಯ ಮೇಲೆ ಒದ್ದೆ ನೆರಿಗೆ ಕಾಲಿಗೆ ತೊಡರುವ ಅಪಾಯ ಚಳಿಗಿಂತ ದೊಡ್ಡದು. ಒಪ್ಪದಿದ್ದರೆ ನೆರಿಗೆಯನ್ನು ಸ್ವಲ್ಪ ಎತ್ತರಕ್ಕೆ ಉಟ್ಟು, ಮೊಣಕಾಲಿನ ಕೆಳಗೆ ಬರುವ ಉದ್ದನೆಯ ರೈನ್‌ಕೋಟ್ ಹಾಕಿಸಿ.

ಊರಿನವರ ಕೈಯಲ್ಲಿ ಕೊಡೆ ಕಾಣುವುದು ವಿರಳ. ಜಲಸಂಧಿಯ ಉದ್ದಕ್ಕೆ ನುಗ್ಗಿ ಬರುವ ಗಾಳಿಗೆ ಅದು ತಿರುಗಿಬೀಳುತ್ತದೆ, ಇಕ್ಕಟ್ಟಾದ ಹಾದಿಯಲ್ಲಿ ಎದುರು ಬರುವವರ ಕಣ್ಣಿಗೂ ಚುಚ್ಚುತ್ತದೆ. ಅವರ ಕಾಲಲ್ಲಿ ಕಾಣುವುದು ಎಕ್ಸ್‌ಟ್ರಾಟಫ್ ಎಂಬ ಕಂದುಬಣ್ಣದ ರಬ್ಬರ್ ಬೂಟುಗಳು. ಮೀನುಗಾರರಿಂದ ಹಿಡಿದು ಶಾಲೆಯ ಮೇಷ್ಟ್ರ ತನಕ ಎಲ್ಲರೂ ಅದನ್ನೇ ಹಾಕಿಕೊಂಡು ಓಡಾಡುವುದು ಅಲ್ಲಿನ ವಾಡಿಕೆ. ಒಂದು ದಿನಕ್ಕಾಗಿ ಅದನ್ನು ಕೊಳ್ಳಬೇಕಿಲ್ಲ, ಹಿಡಿತ ಚೆನ್ನಾಗಿರುವ ಅಟ್ಟೆಯ ಬೂಟು ಸಾಕು. ನುಣುಪಾದ ಅಟ್ಟೆಯ ಚಪ್ಪಲಿಯನ್ನು ಮಾತ್ರ ಹಡಗಿನಲ್ಲೇ ಬಿಡಿ. ಹೆಚ್ಚುವರಿ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ.

ಮಳೆಯಲ್ಲಿ ಎಲ್ಲಿಗೆ

ಜಡಿಮಳೆಯ ದಿನ ಕಾಡಿನೊಳಕ್ಕೆ ಹೋಗುವುದೇ ಜಾಣತನ ಎಂದರೆ ವಿಚಿತ್ರವೆನಿಸಬಹುದು. ಕೆಚಿಕನ್ನನ್ನು ಸುತ್ತುವರಿದ ಟಾಂಗಸ್ ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ. 1907ರಲ್ಲಿ ಸ್ಥಾಪನೆಯಾದ ಇದರಲ್ಲಿ ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ಕೆಂಪು ಸೀಡರ್ ಮರಗಳು ಒತ್ತಾಗಿ ಬೆಳೆದಿವೆ. ಅವುಗಳ ಕೊಂಬೆಗಳು ಮಳೆಯ ಬಿರುಸನ್ನು ಮುರಿಯುವುದರಿಂದ ಪೇಟೆಯ ಬಯಲಿಗಿಂತ ಮರಗಳಡಿಯಲ್ಲಿ ನಡೆಯುವುದು ಹಿತ. ಊರಿನಿಂದ ಉತ್ತರಕ್ಕಿರುವ ವಾರ್ಡ್ ಲೇಕ್ ಕೆರೆಯ ಸುತ್ತಲಿನ ಹಾದಿ ಸುಮಾರು ಎರಡು ಕಿಲೋಮೀಟರ್ ಉದ್ದವಿದ್ದು ಹೆಚ್ಚು ಏರಿಳಿತವಿಲ್ಲ, ಹಿರಿಯರಿಗೂ ಆಗುತ್ತದೆ. ಡಿಯರ್ ಮೌಂಟನ್ ಹತ್ತುವುದು ಇನ್ನೊಂದು ಮಾತು: ಕಡಲಮಟ್ಟಕ್ಕಿಂತ ನೆತ್ತಿಯಲ್ಲಿ ಐದಾರು ಡಿಗ್ರಿ ಹೆಚ್ಚು ಚಳಿ, ಜೂನ್ ತಿಂಗಳಲ್ಲೂ ಮೇಲ್ಭಾಗದಲ್ಲಿ ಹಿಮ ಉಳಿದಿರಬಹುದು. ಬೆಟ್ಟದ ನೆತ್ತಿ ಕಾಣದ ದಿನ ಹತ್ತಬೇಡಿ.

ಈ ಕರಾವಳಿಯ ಮೂಲನಿವಾಸಿಗಳಾದ ಟ್ಲಿಂಗಿಟ್, ಹೈಡಾ, ಸಿಮ್‌ಶಿಯನ್ ಜನರು ಮರದಲ್ಲಿ ಕೆತ್ತುವ ಟೋಟೆಮ್ ಕಂಬಗಳನ್ನು ನೋಡುವಾಗಲೂ ಹವೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಂಪು ಸೀಡರ್ ಸುಲಭವಾಗಿ ಕೊಳೆಯದ ಮರ, ಆದರೂ ಈ ಮಳೆಯಲ್ಲಿ ನಿಂತ ಕಂಬ ಒಂದು ಮನುಷ್ಯಾಯುಷ್ಯಕ್ಕಿಂತ ಹೆಚ್ಚು ಬಾಳುವುದು ಕಡಿಮೆ. ಸ್ಯಾಕ್ಸ್‌ಮನ್ ಹಳ್ಳಿಯಲ್ಲೂ ಟೋಟೆಮ್ ಬೈಟ್ ಉದ್ಯಾನದಲ್ಲೂ ಬಯಲಿನಲ್ಲಿ ನಿಂತಿರುವ ಕಂಬಗಳಲ್ಲಿ ಅನೇಕವು 1938ರಿಂದೀಚೆಗೆ ಹಳೆಯವನ್ನು ನೋಡಿ ಮತ್ತೆ ಕೆತ್ತಿದವು. ಜನ ಬಿಟ್ಟುಹೋದ ಹಳ್ಳಿಗಳಿಂದ ತಂದ ಹತ್ತೊಂಬತ್ತನೇ ಶತಮಾನದ ಮೂಲ ಕಂಬಗಳು ಟೋಟೆಮ್ ಹೆರಿಟೇಜ್ ಸೆಂಟರಿನೊಳಗೆ, ಸೂರಿನಡಿ ಇವೆ. ಬಣ್ಣ ಮಾಸಿ, ಬಿರುಕು ಬಿಟ್ಟಿದ್ದರೂ ಕೆತ್ತನೆಯ ಉಳಿಯ ಗುರುತು ಕಾಣುವುದು ಅಲ್ಲಿಯೇ. ಒಂದನ್ನೇ ನೋಡಲು ಸಮಯವಿದೆಯೆಂದರೆ ನಾನು ಅದನ್ನೇ ಆರಿಸುತ್ತೇನೆ. ಅಂದಹಾಗೆ, ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಊರಿನದಕ್ಕೆ ಹೊಂದದೆಯೂ ಇರಬಹುದು. ವಾಪಸು ಹತ್ತುವ ಸಮಯ ಯಾವ ಗಡಿಯಾರದ್ದೆಂದು ಇಳಿಯುವಾಗಲೇ ಕೇಳಿಕೊಳ್ಳಿ.

ಹೆಚ್ಚು ದಿನ ಉಳಿಯುವವರಿಗೆ

ಬಾಡಿಗೆಗೆ ಮನೆ ನೋಡುವವರು ಮೊದಲು ಮನೆಯ ಹಿಂದಿನ ಇಳಿಜಾರನ್ನು ನೋಡಬೇಕು. ಇಲ್ಲಿ ಗಟ್ಟಿ ಬಂಡೆಯ ಮೇಲೆ ಮಣ್ಣಿನ ಪದರ ತೆಳುವಾಗಿದ್ದು, ಮರಗಳ ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡಿಕೊಂಡಿರುತ್ತದೆ. ಕಡಿಮೆ ಹೊತ್ತಿನಲ್ಲಿ ಜೋರು ಮಳೆ ಬಿದ್ದರೆ ಮಣ್ಣು, ಮರ ಎಲ್ಲವೂ ಬಂಡೆಯ ಮೇಲಿಂದ ಜಾರಿ ಬರುತ್ತವೆ. 2024ರ ಆಗಸ್ಟ್ 25ರಂದು ಊರಿನ ನಡುವೆಯೇ ಗುಡ್ಡ ಕುಸಿದು ಒಬ್ಬರು ತೀರಿಕೊಂಡರು, ಮನೆಗಳು ಹಾಳಾದವು; ಅದಕ್ಕೂ ಹಿಂದಿನ ನವೆಂಬರಿನಲ್ಲಿ ಉತ್ತರದ ರಾಂಗೆಲ್ ಊರಿನ ಬಳಿ ನಡೆದ ಕುಸಿತದಲ್ಲಿ ಆರು ಮಂದಿ ಪ್ರಾಣ ಕಳೆದುಕೊಂಡರು. ವರ್ಷವಿಡೀ ಬೀಳುವ ಸೋನೆಯಿಂದ ಹೆದರಬೇಕಿಲ್ಲ, ಆದರೆ ಜಡಿಮಳೆಯ ಹೊತ್ತಿನಲ್ಲಿ ಮನೆಯ ಬಳಿಯ ತೊರೆ ಇದ್ದಕ್ಕಿದ್ದಂತೆ ಕೆಸರಾದರೆ, ಮಳೆ ಸುರಿಯುತ್ತಿರುವಾಗಲೇ ಅದರ ನೀರು ಥಟ್ಟನೆ ಕಡಿಮೆಯಾದರೆ, ಮರಗಳು ವಾಲತೊಡಗಿದರೆ, ಮೇಲ್ಗಡೆಯಿಂದ ಕೊಂಬೆ ಮುರಿಯುವ ಸದ್ದು ಕೇಳಿದರೆ, ಸಾಮಾನು ಕಟ್ಟಿಕೊಳ್ಳುತ್ತಾ ಕೂರದೆ ಇಳಿಜಾರಿನ ದಾರಿಯಿಂದ ಪಕ್ಕಕ್ಕೆ ಸರಿಯಬೇಕು.

ಮನೆಯೊಳಗಿನ ಚಿಂತೆ ಬೂಷ್ಟು. ಚರ್ಮದ ಪಾದರಕ್ಷೆ, ಹಳೆಯ ಪುಸ್ತಕ, ಗೋಡೆಗೆ ಒತ್ತಿದ ಬೀರುವಿನ ಹಿಂಬದಿ, ಇವುಗಳಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಮಲೆನಾಡಿನವರಿಗೆ ಇದು ಹೊಸದಲ್ಲ; ಅಲ್ಲಿ ಅಟ್ಟದ ಹೊಗೆ, ಒಲೆಯ ಶಾಖ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತೇವ ಹೀರುವ ಯಂತ್ರ ಮಾಡುತ್ತದೆ, ಅದನ್ನು ಮೊದಲ ವಾರವೇ ಕೊಂಡುಕೊಳ್ಳಿ.

ಇಷ್ಟೆಲ್ಲ ಮಳೆಯಿದ್ದರೂ ನೀರಿನ ಕೊರತೆಯಾಗದು ಎಂದುಕೊಳ್ಳುವಂತಿಲ್ಲ. ಊರಿನ ವಿದ್ಯುತ್ತು ಬಹುಪಾಲು ಬೆಟ್ಟದ ಕೆರೆಗಳ ನೀರಿನಿಂದಲೇ ಬರುತ್ತದೆ. 2018 ಮತ್ತು 2019ರಲ್ಲಿ ಸತತವಾಗಿ ಮಳೆ ಕಡಿಮೆಯಾಗಿ ಈ ಭಾಗವು ತೀವ್ರ ಬರದ ಪಟ್ಟಿಗೆ ಸೇರಿದಾಗ, ಕೆರೆಗಳ ಮಟ್ಟ ಇಳಿದು ಡೀಸೆಲ್ ಜನರೇಟರುಗಳನ್ನು ಓಡಿಸಬೇಕಾಯಿತು. ಈ ಬೆಟ್ಟದ ಕೆರೆಗಳು ದೊಡ್ಡವಲ್ಲ, ಬೀಳುವ ಮಳೆಯನ್ನು ತಿಂಗಳುಗಟ್ಟಲೆ ಹಿಡಿದಿಡುವ ಶಕ್ತಿ ಅವಕ್ಕಿಲ್ಲ. ನಾಲ್ಕು ವಾರ ಬಿಸಿಲು ಕಾದರೆ ಸಾಕು, ಕಾಡಿನ ತೊರೆಗಳೂ ಸೊರಗುತ್ತವೆ. ನಗರದ ಕೊಳಾಯಿ ಮುಟ್ಟದ ಅಂಚಿನ ಮನೆಗಳಲ್ಲಿ ಚಾವಣಿಯ ನೀರನ್ನು ತೊಟ್ಟಿಗೆ ಇಳಿಸಿ, ಸೋಸಿ ಬಳಸುತ್ತಾರೆ. ಅಂಥ ಮನೆಯನ್ನು ಬಾಡಿಗೆಗೆ ಹಿಡಿಯುವ ಮುನ್ನ ತೊಟ್ಟಿ ಎಷ್ಟು ಗ್ಯಾಲನ್ನಿನದು, ಸೋಸುವ ಫಿಲ್ಟರನ್ನು ಯಾರು ಬದಲಿಸಬೇಕು, ಚಾವಣಿ ತಗಡಿನದೋ ಟಾರು ಹಾಳೆಯದೋ, ಜುಲೈ ತಿಂಗಳಲ್ಲಿ ತೊಟ್ಟಿ ಬರಿದಾದರೆ ಟ್ಯಾಂಕರ್ ನೀರಿನ ಹಣ ಯಾರದು ಎಂಬ ನಾಲ್ಕು ಪ್ರಶ್ನೆಗಳನ್ನು ಮನೆಯ ಮಾಲೀಕರಿಗೆ ಕೇಳಿ, ಉತ್ತರವನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಿ.